ಊರು ಬಿಟ್ಟವರ ಅಂಗವಿಕಲ ಮಾಸಾಶನ: ಬಾಗಲಕೋಟೆ ಜಿಲ್ಲೆಯ ಗುಳೆ ಕುಟುಂಬಗಳ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

ಹಿಂಗಾರಿ ಜೋಳ ಮತ್ತು ಕಡಲೆಯ ಸುಗ್ಗಿ ಮುಗಿಯುತ್ತಿದ್ದಂತೆ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲೂಕುಗಳ ಅನೇಕ ಗ್ರಾಮಗಳಲ್ಲಿ ಮನೆಗಳಿಗೆ ಬೀಗ ಬೀಳುವುದು ಹೊಸ ಸಂಗತಿಯಲ್ಲ. ಮಂಗಳೂರು, ಬೆಂಗಳೂರುಗಳ ಕಟ್ಟಡ ಕಾಮಗಾರಿಗಳಿಗೆ, ಗೋವಾ ರಾಜ್ಯದ ವಾಸ್ಕೋ, ಮಡಗಾಂವ್ ಕಡೆಗೆ, ಮಹಾರಾಷ್ಟ್ರದ ರತ್ನಾಗಿರಿ ಭಾಗಕ್ಕೆ ದುಡಿಯಲು ಹೋಗುವ ಈ ಪ್ರಕ್ರಿಯೆಯನ್ನು ಉತ್ತರ ಕರ್ನಾಟಕದ ಜನರು ‘ಗುಳೆ’ ಎಂಬ ಒಂದೇ ಪದದಿಂದ ಕರೆಯುತ್ತಾರೆ. ಸೊಲ್ಲಾಪುರದಿಂದ ಹೊರಟು ಹುನಗುಂದ, ಇಳಕಲ್ ಮಾರ್ಗವಾಗಿ ಮಂಗಳೂರಿಗೆ ಸೇರುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 13 ಈ ವಲಸೆಗೆ ಹಾಕಿಕೊಟ್ಟ ದಾರಿಯಂತೆಯೇ ಇತ್ತು. ಹೆದ್ದಾರಿಯ ಸಂಖ್ಯೆ ಈಗ ಬದಲಾಗಿದೆ, ದಾರಿ ಬದಲಾಗಿಲ್ಲ.

ಗುಳೆ ಹೋಗುವ ಕುಟುಂಬದಲ್ಲಿ ವಿಕಲಚೇತನ ಸದಸ್ಯರೊಬ್ಬರು ಇದ್ದಲ್ಲಿ, ಅವರಿಗೆ ಸರ್ಕಾರದಿಂದ ಬರುತ್ತಿರುವ ಮಾಸಾಶನದ ಗತಿ ಏನು ಎಂಬ ಪ್ರಶ್ನೆಯು ಈ ಲೇಖನದ ವಿಷಯವಾಗಿದೆ. ವಿದೇಶದಲ್ಲಿ ನೆಲೆಸಿದವರ ಅಥವಾ ಪ್ರವಾಸ ಹೋದವರ ಅಂಗವಿಕಲ ಪಿಂಚಣಿಯ ಬಗ್ಗೆ ಅನೇಕ ರಾಷ್ಟ್ರಗಳಲ್ಲಿ ವಿವರವಾದ ನಿಯಮಗಳಿವೆ. ನಮ್ಮ ಜಿಲ್ಲೆಯ ಮಟ್ಟಿಗೆ ಕಡಲಾಚೆ ಹೋಗುವವರ ಸಂಖ್ಯೆ ಅಲ್ಪ. ಕಾಳಿ ನದಿಯನ್ನೋ ಅನಮೋಡ ಘಾಟನ್ನೋ ದಾಟಿ ಹೋಗುವವರೇ ಹೆಚ್ಚು. ಆದರೆ ಎರಡೂ ಸಂದರ್ಭಗಳಲ್ಲಿ ಮೂಲ ಪ್ರಶ್ನೆ ಒಂದೇ ಆಗಿರುತ್ತದೆ. ಮಾಸಾಶನವು ವ್ಯಕ್ತಿಗೆ ಸೇರಿದ್ದೇ, ಅಥವಾ ಆ ವ್ಯಕ್ತಿ ವಾಸಿಸುವ ಊರಿಗೆ ಸೇರಿದ್ದೇ?

ಮಾಸಾಶನದ ಸ್ವರೂಪ

ಗ್ರಾಮೀಣ ಜನರು ‘ಅಂಗವಿಕಲ ಪಗಾರ’ ಎಂದು ಕರೆಯುವ ಈ ಸೌಲಭ್ಯವನ್ನು ರಾಜ್ಯದಲ್ಲಿ ಕಂದಾಯ ಇಲಾಖೆಯ ಅಧೀನದಲ್ಲಿರುವ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯವು ನಿರ್ವಹಿಸುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಸ್ವೀಕೃತವಾಗಿ, ಹಿಂದೆ ಗ್ರಾಮ ಲೆಕ್ಕಾಧಿಕಾರಿ ಎಂದು ಕರೆಯಲಾಗುತ್ತಿದ್ದ ಗ್ರಾಮ ಆಡಳಿತ ಅಧಿಕಾರಿ ಹಾಗೂ ಕಂದಾಯ ನಿರೀಕ್ಷಕರ ವರದಿಯ ನಂತರ ಮಂಜೂರಾತಿ ದೊರೆಯುತ್ತದೆ. 2021ರ ಜುಲೈ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಶೇ 40ರಿಂದ 75ರೊಳಗಿನ ವೈಕಲ್ಯ ಉಳ್ಳವರ ಮಾಸಾಶನವನ್ನು 600 ರೂಪಾಯಿಗಳಿಂದ 800 ರೂಪಾಯಿಗಳಿಗೆ ಹೆಚ್ಚಿಸುವುದಾಗಿ ಪ್ರಕಟಿಸಿತು. ಶೇ 75ಕ್ಕೂ ಮೇಲ್ಪಟ್ಟ ತೀವ್ರ ವೈಕಲ್ಯ ಉಳ್ಳವರಿಗೆ ಅದಕ್ಕೂ ಮೊದಲೇ 1,400 ರೂಪಾಯಿ ನಿಗದಿಯಾಗಿತ್ತು.

ಕೇಂದ್ರ ಸರ್ಕಾರದ ಪಾಲೂ ಇದರಲ್ಲಿ ಸೇರಿದೆ. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವು 1995ರ ಆಗಸ್ಟ್ 15ರಂದು ಪ್ರಾರಂಭವಾದರೂ ಅದರಡಿ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆ ಸೇರ್ಪಡೆಯಾದುದು 2009ರ ಫೆಬ್ರವರಿಯಲ್ಲಿ. ಬಡತನ ರೇಖೆಗಿಂತ ಕೆಳಗಿರುವ, ಶೇ 80 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯ ಉಳ್ಳವರಿಗೆ ಮಾತ್ರ ಇದು ಅನ್ವಯವಾಗುತ್ತದೆ. 2012ರಲ್ಲಿ ಕೇಂದ್ರದ ಪಾಲು 200ರಿಂದ 300 ರೂಪಾಯಿಗಳಿಗೆ ಏರಿದ ಬಳಿಕ ಒಂದು ದಶಕಕ್ಕೂ ಹೆಚ್ಚು ಕಾಲ ಅಷ್ಟರಲ್ಲೇ ನಿಂತಿತು. ಹೆಸರಿನಲ್ಲಿ ‘ರಾಷ್ಟ್ರೀಯ’ ಎಂಬ ಪದವಿದ್ದರೂ ಫಲಾನುಭವಿಯನ್ನು ಗುರುತಿಸುವುದು, ಮೊತ್ತದ ಬಹುಪಾಲನ್ನು ಭರಿಸುವುದು, ವರ್ಷ ವರ್ಷ ಪರಿಶೀಲಿಸುವುದು ರಾಜ್ಯದ ಕೆಲಸವೇ ಆಗಿರುತ್ತದೆ.

ಇದಕ್ಕೆ ಕಾರಣ ಸಂವಿಧಾನದಲ್ಲಿಯೇ ಇದೆ. ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯ 9ನೆಯ ನಮೂದು ‘ಅಂಗವಿಕಲರಿಗೆ ಮತ್ತು ದುಡಿಯಲು ಅಶಕ್ತರಾದವರಿಗೆ ಪರಿಹಾರ’ ಎಂಬ ವಿಷಯವನ್ನು ರಾಜ್ಯಗಳಿಗೆ ವಹಿಸಿಕೊಟ್ಟಿದೆ. ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ ಮತ್ತು ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ನೀಡಬೇಕೆಂದು 41ನೆಯ ಅನುಚ್ಛೇದವು ನಿರ್ದೇಶಿಸುತ್ತದೆಯಾದರೂ, ಆ ನೆರವು ನಾಗರಿಕನ ಬೆನ್ನ ಹಿಂದೆ ರಾಜ್ಯದಿಂದ ರಾಜ್ಯಕ್ಕೆ ಸಾಗಬೇಕೆಂದು ಅಲ್ಲಿ ಹೇಳಿಲ್ಲ. ದೇಶದ ಯಾವುದೇ ಭಾಗದಲ್ಲಿ ಸಂಚರಿಸುವ ಮತ್ತು ನೆಲೆಸುವ ಹಕ್ಕನ್ನು 19ನೆಯ ಅನುಚ್ಛೇದ ಕೊಟ್ಟಿದೆ. ಹಕ್ಕು ಒಂದು ಕಡೆ, ನೆರವು ಇನ್ನೊಂದು ಕಡೆ ಉಳಿದಿದೆ.

ಗುರುತಿನ ಚೀಟಿಗೆ ಗಡಿಯಿಲ್ಲ

ಈ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಆದ ಒಂದು ಮಹತ್ವದ ಬದಲಾವಣೆಯನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ವೈಕಲ್ಯದ ವಿಧಗಳನ್ನು 21ಕ್ಕೆ ವಿಸ್ತರಿಸಿದ್ದಲ್ಲದೆ, ಅದರ 58ನೆಯ ಕಲಮಿನ ಮೂಲಕ ಅಂಗವೈಕಲ್ಯ ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯವಾಗಿರುತ್ತದೆ ಎಂದು ವಿಧಿಸಿದೆ. 2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ವಿಶಿಷ್ಟ ಗುರುತಿನ ಚೀಟಿಯ (ಯುಡಿಐಡಿ) ಜಾಲತಾಣದ ಮೂಲಕವೇ ನೀಡುವುದು ಕಡ್ಡಾಯವಾಗಿದೆ. ಬಾಗಲಕೋಟೆಯಲ್ಲಿ ಪಡೆದ ಈ ಚೀಟಿಯನ್ನು ಪಣಜಿಯ ಅಧಿಕಾರಿ ಒಪ್ಪಲೇಬೇಕು.

ಗುಳೆ ಕುಟುಂಬಗಳಿಗೆ ಇದಕ್ಕಿಂತಲೂ ಉಪಯುಕ್ತವಾದ ಅಂಶವೊಂದು 2017ರ ನಿಯಮಗಳಲ್ಲಿದೆ. ವಾಸಸ್ಥಳದ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಮಾತ್ರವಲ್ಲ, ತಾವು ಚಿಕಿತ್ಸೆ ಪಡೆಯುತ್ತಿರುವ ಅಥವಾ ಪಡೆದ ಸರ್ಕಾರಿ ಆಸ್ಪತ್ರೆಗೂ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. ಮಂಗಳೂರಿನಲ್ಲಿ ಸಾರವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹುನಗುಂದದ ಕಾರ್ಮಿಕನು ವೆನ್ಲಾಕ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದಲ್ಲಿ, ಪ್ರಮಾಣಪತ್ರಕ್ಕಾಗಿ ಮೊದಲು ಊರಿಗೆ ಬಂದು ಜಿಲ್ಲಾ ಆಸ್ಪತ್ರೆಯ ಮುಂದೆ ಸರದಿ ನಿಲ್ಲಲೇಬೇಕೆಂದಿಲ್ಲ. ಇದನ್ನು ಬಲ್ಲವರು ಕಡಿಮೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಈ ಅರ್ಜಿಯ ಬಗ್ಗೆ ವಿಚಾರಿಸಿಕೊಂಡರೆ ಮುಂದೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಹೀಗೆ ವೈಕಲ್ಯದ ಸಾಕ್ಷ್ಯಕ್ಕೆ ಗಡಿಯಿಲ್ಲ. ಆ ಸಾಕ್ಷ್ಯದ ಆಧಾರದ ಮೇಲೆ ದೊರೆಯುವ ಹಣಕ್ಕೆ ಮಾತ್ರ ಗಡಿಯಿದೆ.

ಗೋವಾ ಸರ್ಕಾರದ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯಡಿ ವಿಕಲಚೇತನರಿಗೆ ಮಾಸಾಶನವುಂಟು. ಆದರೆ ಅರ್ಜಿದಾರರು 15 ವರ್ಷಗಳಿಂದ ಗೋವಾದ ನಿವಾಸಿಯಾಗಿರಬೇಕು. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿಯೂ 15 ವರ್ಷಗಳ ವಾಸದ ಷರತ್ತು ಇದೆ. ವರ್ಷದಲ್ಲಿ ಐದಾರು ತಿಂಗಳು ಅಲ್ಲಿ, ಉಳಿದ ತಿಂಗಳು ಇಲ್ಲಿ ಇರುವ ಕುಟುಂಬವು 15 ವರ್ಷ ದುಡಿದರೂ ಅಂತಹ ವಾಸವನ್ನು ದಾಖಲೆಗಳಿಂದ ಸಿದ್ಧಪಡಿಸುವುದು ದುಸ್ಸಾಧ್ಯ. ಬಾಡಿಗೆ ಕರಾರು ಇಲ್ಲದ ತಗಡಿನ ಶೆಡ್ಡಿನಲ್ಲಿ ಇರುವವರಿಗೆ ವಿಳಾಸದ ಪುರಾವೆ ಎಲ್ಲಿಂದ ಬರಬೇಕು? ಆದ್ದರಿಂದ ಇಂಥವರಿಗೆ ಉಳಿಯುವುದು ಊರಿನ ಮಾಸಾಶನವೊಂದೇ. ಅದನ್ನು ಉಳಿಸಿಕೊಳ್ಳುವುದೇ ಅವರ ಮುಂದಿರುವ ಸವಾಲು.

ಹಣ ತಲುಪುತ್ತದೆ, ಪರಿಶೀಲನೆ ತಲುಪುವುದಿಲ್ಲ

ಮನಿಯಾರ್ಡರ್ ಕಾಲದಲ್ಲಿ ಊರು ಬಿಟ್ಟವರಿಗೆ ಹಣ ತಲುಪುವುದೇ ಕಷ್ಟವಾಗಿತ್ತು. ಅಂಚೆಯವರು ಮನೆಗೆ ಬಂದಾಗ ಫಲಾನುಭವಿ ಇರಬೇಕಿತ್ತು. ಇಲ್ಲದಿದ್ದಲ್ಲಿ ಹಣ ಮರಳಿ ಹೋಗುತ್ತಿತ್ತು. ಈಗ ಆಧಾರ್ ಜೋಡಣೆಯಾದ ಬ್ಯಾಂಕ್ ಅಥವಾ ಅಂಚೆ ಖಾತೆಗೆ ನೇರವಾಗಿ ಜಮೆಯಾಗುವುದರಿಂದ, ಬಾದಾಮಿಯ ಖಾತೆಯ ಹಣವನ್ನು ವಾಸ್ಕೋದ ಎಟಿಎಂನಲ್ಲಿ ಅಥವಾ ಬ್ಯಾಂಕ್ ಮಿತ್ರರ ಬಳಿ ಬೆರಳಚ್ಚು ನೀಡಿ ಪಡೆಯಬಹುದು. ತಾಂತ್ರಿಕವಾಗಿ ನೋಡಿದರೆ ಗಡಿ ಸಮಸ್ಯೆ ಪರಿಹಾರವಾದಂತೆಯೇ ಕಾಣುತ್ತದೆ.

ಆದರೆ ಮಾಸಾಶನ ಮುಂದುವರಿಯಬೇಕಾದರೆ ಫಲಾನುಭವಿಯು ಬದುಕಿದ್ದಾರೆ, ಅರ್ಹರಾಗಿದ್ದಾರೆ ಎಂಬುದನ್ನು ಕಾಲಕಾಲಕ್ಕೆ ಖಚಿತಪಡಿಸಿಕೊಳ್ಳಲಾಗುತ್ತದೆ. ಈ ಭೌತಿಕ ಪರಿಶೀಲನೆಯು ಸಾರ್ವಜನಿಕ ಹಣದ ರಕ್ಷಣೆಗೆ ಅಗತ್ಯವಾದುದು. ಮೃತರ ಹೆಸರಿನಲ್ಲಿ ಹಣ ಸಂದಾಯವಾಗುವುದನ್ನು ತಡೆಯುವುದು ಇದರಿಂದಲೇ ಸಾಧ್ಯ. ತೊಡಕು ಇರುವುದು ಪರಿಶೀಲನೆಯಲ್ಲಲ್ಲ, ಅದು ನಡೆಯುವ ಸ್ಥಳ ಮತ್ತು ಕಾಲದಲ್ಲಿ. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಭೇಟಿ ಕೊಟ್ಟಾಗ ಬೀಗ ಕಂಡರೆ ‘ಗ್ರಾಮದಲ್ಲಿ ವಾಸವಿಲ್ಲ’ ಎಂದು ಬರೆಯುವುದಲ್ಲದೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಕಾಗದದ ಮೇಲೆ ಆ ಮಾತು ಸತ್ಯವೂ ಹೌದು. ಆದರೆ ಶಾಶ್ವತವಾಗಿ ಊರು ತೊರೆದವರಿಗೂ ಯುಗಾದಿಗೆ ಮರಳಿ ಬರುವವರಿಗೂ ಇರುವ ವ್ಯತ್ಯಾಸವನ್ನು ಆ ಒಂದು ಷರಾ ಹೇಳುವುದಿಲ್ಲ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಂಡ ಗಾರೆ ಕೆಲಸದವನು, ಹೆಂಡತಿ ಕೂಲಿ, ಮಗಳಿಗೆ 20 ವರ್ಷ, ಹುಟ್ಟಿನಿಂದ ಬುದ್ಧಿಮಾಂದ್ಯತೆ. ಆಕೆಯನ್ನು ಊರಲ್ಲಿ ಬಿಟ್ಟರೆ ನೋಡಿಕೊಳ್ಳಲು ಇರುವವಳು ಕಣ್ಣು ಮಂಜಾದ ಅಜ್ಜಿಯೊಬ್ಬಳೇ. ಜೊತೆಗೆ ಕರೆದೊಯ್ದರೆ ಪರಿಶೀಲನೆ ತಪ್ಪಿ ಮಾಸಾಶನ ನಿಲ್ಲುವ ಭಯ. ಹಣಕ್ಕಾಗಿ ಮಗಳನ್ನು ಬಿಡಬೇಕೇ, ಮಗಳಿಗಾಗಿ ಹಣವನ್ನು ಬಿಡಬೇಕೇ ಎಂಬ ಆಯ್ಕೆಯನ್ನು ಯಾವ ಯೋಜನೆಯೂ ಉದ್ದೇಶಪೂರ್ವಕವಾಗಿ ಮುಂದಿಡುವುದಿಲ್ಲ. ಆದರೂ ಅಂತಹ ಆಯ್ಕೆ ಎದುರಾಗುತ್ತದೆ. ಸಂಚಾರ ಸ್ವಾತಂತ್ರ್ಯ ಎಂಬ ಮಾತು ವಿಕಲಚೇತನರ ವಿಷಯದಲ್ಲಿ ಅವರನ್ನು ಆರೈಕೆ ಮಾಡುವವರ ಸಂಚಾರವನ್ನೂ ಒಳಗೊಳ್ಳಬೇಕಾಗಿದೆ. ಭಾರತವು 2007ರ ಅಕ್ಟೋಬರ್ 1ರಂದು ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 18ನೆಯ ವಿಧಿ ಸಂಚಾರ ಸ್ವಾತಂತ್ರ್ಯದ ಬಗ್ಗೆಯೂ 28ನೆಯ ವಿಧಿ ಸಾಮಾಜಿಕ ರಕ್ಷಣೆಯ ಬಗ್ಗೆಯೂ ಹೇಳುತ್ತವೆ. ಇವೆರಡನ್ನೂ ಒಟ್ಟಿಗೆ ಓದಿಕೊಳ್ಳುವುದು ಸೂಕ್ತ.

ಇಲ್ಲಿ ಬಸ್ ಪಾಸಿನ ಮಾತನ್ನೂ ಹೇಳಬಹುದು. ರಾಜ್ಯದ ರಸ್ತೆ ಸಾರಿಗೆ ನಿಗಮಗಳು ವಿಕಲಚೇತನರಿಗೆ ನೀಡುವ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ಸೀಮಿತವಾಗಿದ್ದು, ಹುನಗುಂದದಿಂದ ಹೊರಟವರಿಗೆ ಅದು ಮಂಗಳೂರಿನ ದಾರಿಯ ಕಾಲುಭಾಗದಷ್ಟೂ ಒದಗುವುದಿಲ್ಲ. ಊರಿನ ಸುತ್ತ ಒಂದು ವೃತ್ತ ಎಳೆದು ಅದರೊಳಗೆ ಬದುಕು ಸಾಗುತ್ತದೆ ಎಂಬ ಭಾವನೆಯು ಪಾಸಿನಲ್ಲಿಯೂ ಮಾಸಾಶನದಲ್ಲಿಯೂ ಸಮಾನವಾಗಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಜಿಲ್ಲಾ ಕೇಂದ್ರದ ಒಂದು ಭಾಗವೇ ನವನಗರಕ್ಕೆ ಸ್ಥಳಾಂತರಗೊಂಡಿರುವ ಜಿಲ್ಲೆಯಲ್ಲಿ ಮನುಷ್ಯರು ಸ್ಥಿರವಾಗಿ ಒಂದೆಡೆ ಇರುತ್ತಾರೆಂದು ಭಾವಿಸುವುದು ವಿಚಿತ್ರವೇ ಸರಿ.

ಪಡಿತರಕ್ಕೆ ಸಾಧ್ಯವಾದದ್ದು

ಗಡಿ ದಾಟುವ ಸೌಲಭ್ಯ ಅಸಾಧ್ಯವೇನಲ್ಲ. ‘ಒಂದು ರಾಷ್ಟ್ರ ಒಂದು ಪಡಿತರ ಚೀಟಿ’ ವ್ಯವಸ್ಥೆಯು 2019ರಲ್ಲಿ ಕೆಲವು ರಾಜ್ಯಗಳ ನಡುವೆ ಪ್ರಾರಂಭವಾಗಿ 2022ರ ಜೂನ್‌ನಲ್ಲಿ ಅಸ್ಸಾಂ ಸೇರ್ಪಡೆಯೊಂದಿಗೆ ಇಡೀ ದೇಶವನ್ನು ಆವರಿಸಿತು. ಇಳಕಲ್ಲಿನ ಪಡಿತರ ಚೀಟಿಯ ಮೇಲೆ ಮಡಗಾಂವಿನ ನ್ಯಾಯಬೆಲೆ ಅಂಗಡಿಯಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿಯ ಧಾನ್ಯ ಪಡೆಯಬಹುದು.

ಕಾರ್ಮಿಕರ ಭವಿಷ್ಯ ನಿಧಿಯ ಪಿಂಚಣಿ ಯೋಜನೆ, 1995ರಲ್ಲಿ ಶಾಶ್ವತ ಹಾಗೂ ಸಂಪೂರ್ಣ ಅಶಕ್ತತೆಗೆ ಪಿಂಚಣಿಯ ಅವಕಾಶವಿದೆ. 2025ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರೀಕೃತ ಪಾವತಿ ವ್ಯವಸ್ಥೆಯಲ್ಲಿ ಪಿಂಚಣಿದಾರರು ಊರು ಬದಲಿಸಿದರೂ ಪಾವತಿ ಆದೇಶವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗಾಯಿಸಬೇಕಾಗಿಲ್ಲ; ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಹಣ ಪಡೆಯಬಹುದು. ಜೀವಂತ ಪ್ರಮಾಣಪತ್ರವನ್ನೂ ವರ್ಷದ ಯಾವುದೇ ದಿನ ಸಲ್ಲಿಸಬಹುದು. ಅದು ಅಂದಿನಿಂದ 12 ತಿಂಗಳು ಮಾನ್ಯ. ವಂತಿಗೆ ಕಟ್ಟಿದವರ ಪಿಂಚಣಿ ಜೊತೆಯಲ್ಲೇ ಸಾಗುತ್ತದೆ. ವಂತಿಗೆ ಕಟ್ಟಲು ಅಶಕ್ತರಾದವರ ಮಾಸಾಶನವೇ ಊರಿನಲ್ಲಿ ಉಳಿಯುತ್ತದೆ. ನೆರವಿನ ಅಗತ್ಯ ಯಾರಿಗೆ ಹೆಚ್ಚು ಎಂಬ ದೃಷ್ಟಿಯಿಂದ ನೋಡಿದರೆ ಈ ಕ್ರಮ ತಿರುವುಮುರುವಾಗಿದೆ ಎಂದೇ ಹೇಳಬೇಕಾಗುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020 ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಎರಡು ಸೌಲಭ್ಯಗಳು ಜೊತೆಯಲ್ಲಿ ಸಾಗುವಂತೆ ಯೋಜನೆ ರೂಪಿಸಬೇಕೆಂದು ಸರ್ಕಾರಗಳಿಗೆ ಸೂಚಿಸುತ್ತದೆ. ಮೊದಲನೆಯದು ಪಡಿತರ, ಎರಡನೆಯದು ಕಟ್ಟಡ ಕಾರ್ಮಿಕರ ಸೆಸ್ ನಿಧಿಯ ಸೌಲಭ್ಯ. ಎರಡನೆಯದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕಾಮಗಾರಿ ಸ್ಥಳದ ಅಪಘಾತದಿಂದ ಶಾಶ್ವತ ವೈಕಲ್ಯ ಉಂಟಾದ ನೋಂದಾಯಿತ ಕಾರ್ಮಿಕರಿಗೆ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು ದುರ್ಬಲತೆ ಪಿಂಚಣಿ ನೀಡುತ್ತದೆ. ಆದರೆ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಇಳಕಲ್ಲಿನಿಂದ ಹೋಗಿ ಮಂಗಳೂರಿನಲ್ಲಿ ಮೂರು ತಿಂಗಳು, ಗೋವಾದಲ್ಲಿ ಮೂರು ತಿಂಗಳು ದುಡಿಯುವವರು ಎಷ್ಟೋ ಸಲ ಎರಡೂ ಕಡೆ ನೋಂದಣಿಯಿಲ್ಲದೆ ಉಳಿಯುತ್ತಾರೆ. ಅಪಘಾತವಾದ ಮೇಲೆ ನೋಂದಣಿಯ ನೆನಪಾದರೆ ಪ್ರಯೋಜನವಿಲ್ಲ. ಇಳಕಲ್ ಪರಿಸರದ ಗ್ರಾನೈಟ್ ಗಣಿಗಳಲ್ಲಿ ದುಡಿಯುವವರು ಗಣಿ ಕೆಲಸಕ್ಕೆ ಪ್ರತ್ಯೇಕ ಕಾನೂನುಗಳಿರುವುದನ್ನೂ ಗಮನದಲ್ಲಿಡಬೇಕು.

ಈ ಸಂಹಿತೆಯು ಜೊತೆಯಲ್ಲಿ ಸಾಗಬೇಕೆಂದು ಹೆಸರಿಸಿದ ಸೌಲಭ್ಯಗಳಲ್ಲಿ ಸಾಮಾಜಿಕ ಭದ್ರತೆಯ ಅಂಗವಿಕಲ ಮಾಸಾಶನ ಇಲ್ಲ. ಸಂಹಿತೆ ಕಾರ್ಮಿಕನನ್ನು ಕಾಣುತ್ತದೆ. ಕಾರ್ಮಿಕನ ಜೊತೆ ಶೆಡ್ಡಿನಲ್ಲಿ ಇರುವ ಮಗಳನ್ನು ಕಾಣುವುದಿಲ್ಲ.

ವಿದೇಶಕ್ಕೆ ಹೋದವರ ವಿಷಯ

ಅನ್ಯ ರಾಷ್ಟ್ರಗಳ ನಿಯಮಗಳು ನಮಗಿಂತ ಉದಾರವಾಗಿವೆ ಎಂದು ಭಾವಿಸುವುದು ಸರಿಯಲ್ಲ. ಆಸ್ಟ್ರೇಲಿಯಾದಲ್ಲಿ 2015ರ ಜನವರಿಯಿಂದ ಅಂಗವಿಕಲ ನೆರವು ಪಿಂಚಣಿಯನ್ನು ಸಾಮಾನ್ಯವಾಗಿ 12 ತಿಂಗಳ ಅವಧಿಯಲ್ಲಿ 28 ದಿನಗಳ ವಿದೇಶ ವಾಸಕ್ಕೆ ಮಾತ್ರ ಮುಂದುವರಿಸಲಾಗುತ್ತದೆ. ತೀವ್ರ ವೈಕಲ್ಯ ಉಳ್ಳವರಿಗೆ ಕೆಲವು ವಿನಾಯಿತಿಗಳಿವೆ. ಬ್ರಿಟನ್ನಿನ ಸ್ವತಂತ್ರ ಜೀವನ ಭತ್ಯೆಯು ತಾತ್ಕಾಲಿಕವಾಗಿ ಹೊರಹೋದವರಿಗೆ ಸಾಮಾನ್ಯವಾಗಿ 13 ವಾರಗಳವರೆಗೆ ದೊರೆಯುತ್ತದೆ. ಅಮೆರಿಕದಲ್ಲಿ ಬಡ ಅಂಗವಿಕಲರಿಗೆ ನೀಡುವ ಪೂರಕ ಭದ್ರತಾ ಆದಾಯವು ಸತತ 30 ದಿನ ದೇಶದ ಹೊರಗಿದ್ದರೆ ನಿಲ್ಲುತ್ತದೆ. ಆದರೆ ದುಡಿಮೆಯ ಕಾಲದಲ್ಲಿ ತೆರಿಗೆ ಕಟ್ಟಿ ಪಡೆದ ಅಂಗವೈಕಲ್ಯ ವಿಮೆಯು ಅಲ್ಲಿನ ನಾಗರಿಕರಿಗೆ ಬಹುತೇಕ ದೇಶಗಳಲ್ಲಿ ಮುಂದುವರಿಯುತ್ತದೆ. ವಂತಿಗೆ ಕಟ್ಟಿದವರು, ಕಟ್ಟದವರು ಎಂಬ ಅದೇ ಭೇದ ಅಲ್ಲಿಯೂ ಇದೆ.

ಈ ನಿಯಮಗಳಲ್ಲಿ ಗಮನಿಸಬೇಕಾದ ಅಂಶ ಅವುಗಳ ಉದಾರತೆಯಲ್ಲ, ಸ್ಪಷ್ಟತೆ. 28 ದಿನ, 13 ವಾರ, 30 ದಿನ ಎಂಬ ಲೆಕ್ಕ ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ಹೊರಡುವವರು ಅದಕ್ಕೆ ತಕ್ಕಂತೆ ಯೋಜಿಸಿಕೊಳ್ಳುತ್ತಾರೆ. ನಮ್ಮಲ್ಲಿ ಫಲಾನುಭವಿಯ ಭವಿಷ್ಯವು ದಿನಗಳ ಎಣಿಕೆಗಿಂತ ಹೆಚ್ಚಾಗಿ ಅಧಿಕಾರಿಗಳ ಭೇಟಿಯ ದಿನ ಮನೆಯ ಬಾಗಿಲು ತೆರೆದಿತ್ತೇ ಎಂಬುದನ್ನು ಅವಲಂಬಿಸಿರುತ್ತದೆ.

ನಮ್ಮ ದೇಶವು ಸಾಮಾಜಿಕ ಭದ್ರತಾ ಒಪ್ಪಂದಗಳನ್ನು ಮಾಡಿಕೊಂಡಿರುವ ರಾಷ್ಟ್ರಗಳಿವೆ. ಮೊದಲನೆಯದು ಬೆಲ್ಜಿಯಂ, 2006ರಲ್ಲಿ ಸಹಿಯಾಗಿ 2009ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಇವು ಭವಿಷ್ಯ ನಿಧಿಯಂತಹ ವಂತಿಗೆ ಆಧಾರಿತ ಯೋಜನೆಗಳಿಗೆ ಸಂಬಂಧಿಸಿದವು. ರಾಜ್ಯದ ಮಾಸಾಶನಕ್ಕೆ ಇವು ಅನ್ವಯಿಸುವುದಿಲ್ಲ. ಸೇನೆಯಿಂದ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿರುವ ಮಾಜಿ ಸೈನಿಕರು ಮಕ್ಕಳ ಬಳಿ ವಿದೇಶಕ್ಕೆ ಹೋದಲ್ಲಿ ಜೀವಂತ ಪ್ರಮಾಣಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಪಡೆಯಬಹುದು. 2014ರ ನವೆಂಬರ್‌ನಲ್ಲಿ ಪ್ರಾರಂಭವಾದ ‘ಜೀವನ್ ಪ್ರಮಾಣ್’ ಡಿಜಿಟಲ್ ವ್ಯವಸ್ಥೆಗೆ 2021ರಲ್ಲಿ ಮುಖಚಹರೆ ದೃಢೀಕರಣ ಸೇರಿದ ಮೇಲೆ ಸ್ಮಾರ್ಟ್‌ಫೋನ್ ಇದ್ದವರಿಗೆ ಈ ಕೆಲಸ ಮನೆಯಲ್ಲೇ ಆಗುತ್ತದೆ. ಬೆರಳಚ್ಚು ಸವೆದ ಗಾರೆ ಕೆಲಸದವರಿಗೂ, ಕುಷ್ಠರೋಗದಿಂದ ಗುಣವಾಗಿ ಬೆರಳು ಕಳೆದುಕೊಂಡವರಿಗೂ ಇಂತಹ ವಿಧಾನವೇ ಹೆಚ್ಚು ಒಗ್ಗುವುದು. ಆದ್ದರಿಂದ ಇದನ್ನು ನಿವೃತ್ತ ನೌಕರರಿಗಷ್ಟೇ ಸೀಮಿತಗೊಳಿಸದೆ ಸಾಮಾಜಿಕ ಭದ್ರತೆಯ ಎಲ್ಲ ಮಾಸಾಶನಗಳಿಗೂ ಪೂರ್ಣವಾಗಿ ವಿಸ್ತರಿಸಿದಲ್ಲಿ ಗುಳೆ ಹೋದವರ ಅರ್ಧ ತೊಂದರೆ ನೀಗುತ್ತದೆ.

ಜಾತ್ರೆಯ ಕಾಲ

ಉಳಿದ ಅರ್ಧಕ್ಕೆ ತಂತ್ರಜ್ಞಾನಕ್ಕಿಂತ ಪಂಚಾಂಗ ಹೆಚ್ಚು ಸಹಾಯಕವಾಗಬಹುದು. ಗುಳೆ ಹೋದವರು ಯಾವಾಗ ಊರಿಗೆ ಬರುತ್ತಾರೆಂಬುದು ಊರಿನವರಿಗೆಲ್ಲ ತಿಳಿದ ವಿಷಯ. ಬನದ ಹುಣ್ಣಿಮೆಯಂದು ಬಾದಾಮಿಯ ಬನಶಂಕರಿ ಜಾತ್ರೆ ಪ್ರಾರಂಭವಾಗಿ ವಾರಗಟ್ಟಲೆ ನಡೆಯುತ್ತದೆ; ನಾಟಕ ಕಂಪನಿಗಳು ಬೀಡುಬಿಡುತ್ತವೆ; ದೂರದೂರಿನಲ್ಲಿ ದುಡಿಯುವವರು ರಜೆ ಹಾಕಿ ಬರುತ್ತಾರೆ. ಶ್ರಾವಣದಲ್ಲಿ ಇಳಕಲ್ಲಿನಲ್ಲಿ ಮಹಾಂತ ಸ್ವಾಮಿಗಳ ಉತ್ಸವ, ನಂತರ ಯುಗಾದಿ, ಮೊಹರಂ. ಈ ದಿನಗಳ ಆಸುಪಾಸಿನಲ್ಲಿ ಭೌತಿಕ ಪರಿಶೀಲನೆ ಮತ್ತು ಪಿಂಚಣಿ ಅದಾಲತ್‌ಗಳನ್ನು ಏರ್ಪಡಿಸಿದಲ್ಲಿ ಬೀಗ ಬಿದ್ದ ಮನೆಗಳ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ. ಇದಕ್ಕೆ ಹೊಸ ಕಾನೂನಾಗಲಿ ಹೆಚ್ಚುವರಿ ಅನುದಾನವಾಗಲಿ ಬೇಕಿಲ್ಲ. ತಾಲೂಕು ಕಚೇರಿಯ ವೇಳಾಪಟ್ಟಿ ಬದಲಾದರೆ ಸಾಕು.

ಇನ್ನೊಂದು ಸಂಪನ್ಮೂಲ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿಯೇ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಾರ್ಯನಿರ್ವಹಿಸುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಸ್ವತಃ ವಿಕಲಚೇತನರಾಗಿದ್ದು, ಯಾರ ಮನೆಯವರು ಎಲ್ಲಿ ದುಡಿಯುತ್ತಿದ್ದಾರೆಂಬುದನ್ನು ಬಲ್ಲವರು. ಇವರು ವಿಕಲಚೇತನರ ಸಬಲೀಕರಣ ಇಲಾಖೆಯ ಅಡಿಯಲ್ಲಿದ್ದರೆ ಮಾಸಾಶನ ಕಂದಾಯ ಇಲಾಖೆಯದು. ‘ವಾಸವಿಲ್ಲ’ ಎಂಬ ಷರಾ ಬರೆಯುವ ಮುನ್ನ ಈ ಕಾರ್ಯಕರ್ತರಿಂದ ಒಂದು ಮಾಹಿತಿ ಪಡೆಯುವ ಪದ್ಧತಿ ಎಲ್ಲೆಡೆ ರೂಢಿಗೆ ಬರುವುದು ಅಪೇಕ್ಷಣೀಯ. ಎರಡು ಇಲಾಖೆಗಳ ನಡುವಿನ ದೂರವು ಕೆಲವೊಮ್ಮೆ ಎರಡು ರಾಜ್ಯಗಳ ನಡುವಿನ ದೂರಕ್ಕಿಂತ ಹೆಚ್ಚಾಗಿರುತ್ತದೆ.

ಹೊರಡುವ ಮುನ್ನ

ಸದ್ಯದ ವ್ಯವಸ್ಥೆಯೊಳಗೆ ಗುಳೆ ಕುಟುಂಬಗಳು ಕೈಗೊಳ್ಳಬಹುದಾದ ಕ್ರಮಗಳನ್ನು ಇಲ್ಲಿ ತಿಳಿಸಲಾಗಿದೆ. ಹೊರಡುವ ಮುನ್ನ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಮಾಹಿತಿ ನೀಡಿ, ತಾತ್ಕಾಲಿಕವಾಗಿ ಹೋಗುತ್ತಿರುವುದಾಗಿಯೂ ಮರಳುವ ಅಂದಾಜು ತಿಂಗಳನ್ನೂ ಮೊಬೈಲ್ ಸಂಖ್ಯೆಯನ್ನೂ ನಮೂದಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಬಾಯಿಮಾತಿನಲ್ಲಿ ಹೇಳಿ ಹೋದದ್ದು ಮುಂದೆ ದಾಖಲೆಯಾಗುವುದಿಲ್ಲ. ಮಾಸಾಶನದ ಮಂಜೂರಾತಿ ಆದೇಶದ ಪ್ರತಿ ಮತ್ತು ವಿಶಿಷ್ಟ ಗುರುತಿನ ಚೀಟಿ ಜೊತೆಯಲ್ಲಿರಲಿ. ಪ್ರಮಾಣಪತ್ರವು ತಾತ್ಕಾಲಿಕ ಅವಧಿಯದಾಗಿದ್ದಲ್ಲಿ ಅದರ ಕೊನೆಯ ದಿನಾಂಕವನ್ನು ನೋಡಿಕೊಳ್ಳಬೇಕು. ಅವಧಿ ಮುಗಿದ ಪ್ರಮಾಣಪತ್ರ ಮಾಸಾಶನ ನಿಲ್ಲಲು ಇನ್ನೊಂದು ಕಾರಣವಾಗಬಹುದು.

ಬ್ಯಾಂಕ್ ಖಾತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲಸದ ಸ್ಥಳದಲ್ಲಿ ಕೂಲಿ ಜಮೆಗಾಗಿ ಹೊಸ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದಾಗ, ಆಧಾರ್ ಆಧಾರಿತ ನೇರ ವರ್ಗಾವಣೆಯ ಹಣವು ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಊರಿನ ಪಾಸ್‌ಬುಕ್ಕಿನಲ್ಲಿ ಜಮೆ ಕಾಣದೆ ‘ಪಗಾರ ನಿಂತಿತು’ ಎಂದು ತಾಲೂಕು ಕಚೇರಿಗೆ ಅಲೆಯುವವರಲ್ಲಿ ಕೆಲವರ ಹಣ ಗೋವಾದ ಖಾತೆಯಲ್ಲಿ ಸುರಕ್ಷಿತವಾಗಿರುವ ಸಾಧ್ಯತೆ ಇರುತ್ತದೆ. ಮೊದಲು ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆ ಎಂಬುದನ್ನು ವಿಚಾರಿಸಿಕೊಳ್ಳುವುದು ಒಳಿತು. ವಿದೇಶದಲ್ಲಿ ನೆಲೆಸಿ ಅನಿವಾಸಿಯಾದವರು ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿ ಸಾಮಾನ್ಯ ಖಾತೆಯಾಗಿ ಬದಲಿಸಬೇಕೆಂಬ ವಿದೇಶಿ ವಿನಿಮಯ ನಿಯಮವನ್ನೂ ಪಾಲಿಸಬೇಕಾಗುತ್ತದೆ.

ರಾಜ್ಯದೊಳಗೆಯೇ, ಉದಾಹರಣೆಗೆ ಮಂಗಳೂರಿನಲ್ಲಿ, ಕುಟುಂಬವು ಸ್ಥಿರವಾಗಿ ನೆಲೆಸಿದಲ್ಲಿ ಮಾಸಾಶನದ ವಿಳಾಸ ಬದಲಾವಣೆಗೆ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸುವುದು ಉಚಿತ. ಎರಡೂ ಕಡೆ ಅದೇ ನಿರ್ದೇಶನಾಲಯ, ಅದೇ ಖಜಾನೆ. ಬೇರೆ ರಾಜ್ಯದಲ್ಲಿ ಶಾಶ್ವತವಾಗಿ ನೆಲೆಸಿದವರು ಮಾತ್ರ ಅಲ್ಲಿನ ಯೋಜನೆಗೆ ಅರ್ಹರಾದ ಮೇಲೆ ಎರಡೂ ಕಡೆ ಮಾಸಾಶನ ಪಡೆಯುವಂತಿಲ್ಲ.

ಊರಲ್ಲಿ ಇಲ್ಲದ ಕಾರಣಕ್ಕೆ ಮಾಸಾಶನ ಸ್ಥಗಿತಗೊಂಡಿರುವುದು ತಿಳಿದುಬಂದಲ್ಲಿ ಹೊಸದಾಗಿ ಅರ್ಜಿ ಹಾಕಲು ಅವಸರಪಡಬಾರದು. ಹೊಸ ಅರ್ಜಿ ಹಾಕಿದರೆ ಹಿಂದಿನ ತಿಂಗಳುಗಳ ಬಾಕಿಯ ಹಕ್ಕು ದುರ್ಬಲವಾಗುತ್ತದೆ. ಸ್ಥಗಿತದ ಕಾರಣವನ್ನು ಲಿಖಿತವಾಗಿ ಕೇಳಿ, ಮರುಚಾಲನೆಗೆ ಮತ್ತು ಬಾಕಿಗೆ ತಹಶೀಲ್ದಾರರಿಗೆ ಮನವಿ ಸಲ್ಲಿಸಬೇಕು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಬಾಗಲಕೋಟೆ ಉಪವಿಭಾಗಾಧಿಕಾರಿಗಳ ಬಳಿಗೆ, ನಂತರ 2016ರ ಅಧಿನಿಯಮದಡಿ ನೇಮಕವಾಗಿರುವ ವಿಕಲಚೇತನರ ರಾಜ್ಯ ಆಯುಕ್ತರ ಬಳಿಗೆ ಹೋಗಬಹುದು. ಮನವಿಯೊಂದಿಗೆ ಹೊರಡುವ ಮುನ್ನ ಪಡೆದ ಸ್ವೀಕೃತಿ, ಕೆಲಸದ ಸ್ಥಳದ ಯಾವುದಾದರೂ ದಾಖಲೆ ಹಾಗೂ ಮರಳಿ ಬಂದ ಬಗ್ಗೆ ಗ್ರಾಮ ಪಂಚಾಯಿತಿಯ ದೃಢೀಕರಣವನ್ನು ಲಗತ್ತಿಸುವುದು.